ಮೇಲಿನ ಬಾಣ, ಎರಡು ಸಲ

ನೊಣವೊಂದು ಕಂಪ್ಯೂಟರಿನ ಪರದೆಯ ಮೇಲೆ ಕೂತಿದೆ, ನಾನೂರ ಮೂರು ಎಂಬ ಸಾಲಿನ ಅಂಕಿಯ ಸೊನ್ನೆಯ ಮೇಲೆಯೇ, ಮುಂಗಾಲು ಉಜ್ಜುತ್ತಿದೆ, ನಮಾಜಿಗೆ ಮುಂಚೆ ಕೈ ತೊಳೆಯುವವರ ಹಾಗೆ — ಓಡಿಸಬೇಕು, ಕೈ ಏಳುವುದಿಲ್ಲ, ಶುಕ್ರವಾರದಿಂದ ಈ ಬಲಗೈ ಕೀಲಿಗಳ ಹತ್ತಿರ ಹೋಗಲು ಒಲ್ಲೆ ಅನ್ನುತ್ತದೆ, ಇವತ್ತು ಸೋಮವಾರ, ಗೋಡೆಯ ಗಡಿಯಾರ ಎಂಟೂಮುಕ್ಕಾಲು ತೋರಿಸುತ್ತಿದೆ, ಒಂಬತ್ತಕ್ಕೆ ಜಿಲ್ಲೆಯಿಂದ ವಿಚಾರಣೆಯವರು ಬರುತ್ತಾರೆ, ಕಾಲು ಗಂಟೆ, ಕಾಲು ಗಂಟೆಯಲ್ಲಿ ಏನೆಲ್ಲ ಆಗಬಹುದು, ಮೇಲಿನ ಕಣಿವೆಯಿಂದ ಮರಳುಗುಂಡಿಯ ತನಕ ಬೆಂಕಿಬೆಟ್ಟದ ಬೂದಿಕೆಸರು ಇಳಿದು ಬರಲು ಹನ್ನೆರಡೇ ನಿಮಿಷ ಸಾಕು, ಇನ್ನೂ ಮೂರು ನಿಮಿಷ ಮಿಗುತ್ತದೆ. ಆ ಕನ್ಸೋಲ್ ಮುಚ್ಚಿಬಿಡು ಗೆಂದುಕ್, ಎಂದರು ಪಾಕ್ ಜುಮಾದಿ ಬೆಳಿಗ್ಗೆ ಬಂದವರೇ, ನನ್ನ ಮುಖ ನೋಡದೆ, ಚಹಾದ ಲೋಟದೊಳಗೆ ನೋಡುತ್ತ, ಗೆಂದುಕ್ ಅಂದರೆ ಮಗಳೇ, ಪಾಕ್ ಅಂದರೆ ಅಪ್ಪ, ಹಿರಿಯ, ಹೊಳೆ ಕಾಯುವ ಈ ಕಾವಲುಮನೆಯ ಯಜಮಾನರು ಅವರು, ಹದಿನಾಲ್ಕು ವರ್ಷದಿಂದ ಹಾಗೆಯೇ ಕರೆಯುತ್ತಾರೆ, ಮೂಲೇಲಿ ಒಂದು ಒತ್ತು ಒತ್ತಿದ್ರೆ ಮುಗೀತು, ಮತ್ತೆ ತೆರಿ, ಒಂದರಿಂದ ಶುರುವಾಗತ್ತೆ, ಹಳೇದು ಒಂದು ಸಾಲೂ ಉಳಿಯಲ್ಲ, ಮಸೀದಿಗೆ ಹೋಗೋ ತಂತಿ ಕಂಬದ ಸಮೇತ ಕೊಚ್ಚಿಹೋಗಿದೆ, ಅದಕ್ಕೇ ಸೈರನ್ ಕೂಗಲಿಲ್ಲ ಅಂತ ನಾನು ಹೇಳ್ತೀನಿ, ನೀನು ಬಾಯಿ ಬಿಡಬೇಡ, ನಿನಗೆ ಸುಳ್ಳು ಹೇಳು ಅಂತಿಲ್ಲ, ಸುಮ್ನಿರು ಅಂತಿದೀನಿ. ಸುಮ್ಮನಿರುವುದು. ಈ ಕನ್ಸೋಲ್ ಕೂಡ ಸುಮ್ಮನಿತ್ತು.

ಪರದೆಯ ಅಂಚಿಗೆ ಕಾಗದ ಅಂಟಿಸಿದ್ದು ನಾನೇ, ಮುಚ್ಚಬೇಡಿ, ವಾರ್ಸಿನಿ ಎಂದು ಬರೆದು, ಹನ್ನೊಂದು ವಾರದ ಹಿಂದೆ, ಏಕೆಂದರೆ ನಮ್ಮ ಈ ಹಳೆಯ ಕಂಪ್ಯೂಟರಿನಲ್ಲಿ ಜಾಗ ಸಾಲದೆ, ಬರೆದ ಸಾಲುಗಳನ್ನು ಉಳಿಸಿಡುವ ನೆನಪಿನ ಕಡತವನ್ನು ನಿಲ್ಲಿಸಿದ್ದೆವು, ತೆರೆದಿರುವಷ್ಟು ಹೊತ್ತು ಇದಕ್ಕೆ ಎಲ್ಲ ನೆನಪಿರುತ್ತದೆ, ಮುಚ್ಚಿದರೆ ಹುಟ್ಟಿದ ಕೂಸಿನ ಹಾಗೆ. ಒಂದು ಸಾಲು ಬರೆದರೆ ಒಂದು ಸಾಲು ಉತ್ತರ, ಅಷ್ಟೇ ಇದರ ಬಾಳು, ಮೊದಲಿದ್ದದ್ದು ಬರಿಯ ಕಪ್ಪುಬಿಳುಪು, ಆಮೇಲೆ ಪಟ್ಟಣದ ಹುಡುಗಿಯೊಬ್ಬಳು ತರಬೇತಿಗೆ ಬಂದು ಈ ಚೆಂದದ್ದನ್ನು ಹಾಕಿಕೊಟ್ಟಳು, ಹೆಸರುಗಳಿಗೆ ಒಂದು ಬಣ್ಣ, ಅಂಕಿಗಳಿಗೆ ಹಸಿರು, ತಪ್ಪು ಬರೆದರೆ ಕೆಂಪು, ಹೆಸರು ಅರ್ಧ ಮರೆತರೆ ಕೆಳಗೆ ಪಟ್ಟಿ ಇಳಿಬಿಡುತ್ತದೆ, ಹೊಳೆಯ ಅದುರಾಟವನ್ನು ತನ್ನೊಳಗೇ ಚಿತ್ರ ಬರೆದು ತೋರಿಸುತ್ತದೆ, ಕಿಟಕಿಯಲ್ಲಿ ನಿಂತು ಬು ತುಕಿನೆಮ್ ನಗುತ್ತಿದ್ದರು, ಬು ಅಂದರೆ ಅಮ್ಮ, ದೊಡ್ಡ ಹೆಂಗಸರನ್ನೆಲ್ಲ ಹಾಗೆಯೇ ಕರೆಯುವುದು, ದಿನವೂ ಬೆಳಿಗ್ಗೆ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಪೆಚೆಲ್ ಮಾರಲು ಬರುತ್ತಿದ್ದವರು, ಬೆಂದ ಸೊಪ್ಪಿನ ಮೇಲೆ ಕಡಲೆಕಾಯಿ ಗೊಜ್ಜು, ತೇಗದೆಲೆಯಲ್ಲಿ, ಪರದೆಯತ್ತ ಗದ್ದ ಎತ್ತಿ, ನಿನ್ನ ಗಂಡ ಏನಂತಾನೆ ವಾರ್ಸಿನಿ ಇವತ್ತು, ನೀನು ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡೋ ಗಂಡ, ನನ್ನ ಗಂಡ ಸಗಿಮಾನ್ ಥರಾನೇ, ಅನ್ನ ಬೇಕಾ ಅಂದ್ರೆ ಹೂಂ, ಸಾಕಾ ಅಂದ್ರೆ ಹೂಂ, ನಿನ್ನೋನು ಬಣ್ಣಬಣ್ಣವಾಗಾದ್ರೂ ಇದಾನೆ, ಖಾರ ಜಾಸ್ತಿ ಹಾಕ್ಲಾ — ಹಾಕಿ ಬು, ಹಾಕಿ. ಇವತ್ತು ಕಿಟಕಿಯಲ್ಲಿ ಯಾರೂ ನಿಂತಿಲ್ಲ. ಗೇಣುದ್ದದ ಸಲಿಕೆಯ ಹಿಡಿ, ಬೂದುಬಣ್ಣದ ಕೆಸರಿನಲ್ಲಿ ನೆಟ್ಟಗೆ — ಬೇಡ, ಅದು ಈಗ ಬೇಡ, ನೊಣ ಹಾರಿತು, ಮತ್ತೆ ಕೂತಿತು.

ನೆಲದ ಕಿವಿ, ನಾವು ಹಾಗೇ ಅನ್ನುವುದು, ಮೇಲಿನ ಕಣಿವೆಯಲ್ಲಿ ಹೊಳೆಯ ದಂಡೆಗೆ ಹೂಳಿಟ್ಟ ಕಬ್ಬಿಣದ ಡಬ್ಬಿ, ನೆಲ ಅದುರಿದರೆ ಅಂಕಿ ಕಳಿಸುತ್ತದೆ, ಆ ಅಂಕಿ ಅಂಬಾಂಗ್ ದಾಟಿದರೆ ಮಸೀದಿಯ ಮೇಲಿನ ಸೈರನ್ ಕೂಗುತ್ತದೆ, ಅಂಬಾಂಗ್ ಎಂದರೆ ಹೊಸ್ತಿಲು, ಹೊಸ್ತಿಲು ಅರವತ್ತು, ಅರವತ್ತು ದಾಟಿತೆಂದರೆ ಹೊಳೆ ಬಂತೆಂದೇ ಲೆಕ್ಕ. ಅಜ್ಜಿಯ ಕಾಲದಲ್ಲಿ ಕಿವಿ ಮನುಷ್ಯರದ್ದೇ, ಬೆಟ್ಟವನ್ನು ಹೆಸರಿಟ್ಟು ಕರೆಯಬಾರದು, ಸಿಂಬಾಹ್ ಅನ್ನಬೇಕು, ಅಂದರೆ ಅಜ್ಜ, ತೆಂಕಣ ಕಡಲಿನ ರಾಣಿ ಅಜ್ಜನ ಮನೆಗೆ ದಿಬ್ಬಣ ಕಳಿಸುತ್ತಾಳೆ, ಗಾಡಿ, ಕುದುರೆ, ಗೆಜ್ಜೆ, ಎಲ್ಲ ಹೊಳೆಯ ಪಾತ್ರದಲ್ಲೇ, ಆ ಸದ್ದು ಮೊದಲು ಕೇಳಿದವನು ಟೊಳ್ಳು ಮಾಡಿದ ಹಲಸಿನ ಮರವನ್ನು ಬಡಿಯಬೇಕು, ಕೆಳಗಿನ ಹಟ್ಟಿಯವನು ಕೇಳಿ ತನ್ನದನ್ನು ಬಡಿಯಬೇಕು, ಹೀಗೆ ಸದ್ದು ಹೊಳೆಗಿಂತ ಮುಂದೆ ಓಡಬೇಕು, ಕೇಳಿಯೂ ಬಡಿಯದವನು ಏನಾಗ್ತಾನೆ ಅಜ್ಜಿ, ಅವನಿಗೇನೂ ಆಗಲ್ಲ ಮಗಾ, ಅದೇ ಅವನಿಗೆ ಆಗೋದು, ಅಂದಳು ಅಜ್ಜಿ, ಕಾಳು ಆರಿಸುತ್ತ, ನನಗೆ ಆಗ ಅರ್ಥವಾಗಲಿಲ್ಲ, ನಗು ಬಂದಿತ್ತು. ನಾನು ಕೇಳಿಯೂ ಬಡಿಯದವಳಲ್ಲ, ಒಡೆಯನೇ, ನಾನು ಕೇಳಲೇ ಇಲ್ಲ, ಕಿವಿಗೆ ಅರಳೆ ಇಟ್ಟವಳು ನಾನು — ಎರಡರಲ್ಲಿ ಯಾವುದು ಹಗುರ, ನಿನಗೆ ಗೊತ್ತು. ಅರಳೆ ಇಡಲು ಕಾರಣವಿತ್ತು. ಮರಳು ಲಾರಿಗಳು ಕಿವಿಯ ಪಕ್ಕದ ದಾರಿಯಲ್ಲಿ ಹೋದರೂ ನೆಲ ಅದುರುತ್ತದೆ, ಎಂಬತ್ತು, ಇನ್ನೂರು, ಒಮ್ಮೊಮ್ಮೆ ನಾನೂರು, ಬೇರೆ ದಿನ ನಾನು ಕೂತಿರುತ್ತೇನೆ, ಲಾರಿಯೋ ಹೊಳೆಯೋ ಚಿತ್ರ ನೋಡಿದರೆ ಗೊತ್ತಾಗುತ್ತದೆ, ಕೂಗಿದ್ದನ್ನು ಕೂಡಲೇ ನಿಲ್ಲಿಸುತ್ತೇನೆ, ಶುಕ್ರವಾರದ ನಡುಹಗಲು ಮಾತ್ರ ಕಷ್ಟ, ಎಲ್ಲರೂ ಮಸೀದಿಯಲ್ಲಿ ಆ ಸೈರನ್ನಿನ ಅಡಿಯಲ್ಲೇ ಕೂತಿರುತ್ತಾರೆ, ನಾನು ನಿಲ್ಲಿಸುವಷ್ಟರಲ್ಲಿ ಎದ್ದು ಓಡುತ್ತಾರೆ. ಪಾಕ್ ಕಿಯಾಯಿ, ನಮ್ಮ ಮಸೀದಿಯ ಹಿರಿಯರು, ತಾವೇ ನಡೆದು ಬಂದಿದ್ದರು, ಮೊಣಕಾಲು ಹಿಡಿದುಕೊಂಡು ಈ ಮೆಟ್ಟಿಲು ಹತ್ತಿ, ವಾರ್ಸಿನಿ, ನಿನ್ನ ಯಂತ್ರ ನಮ್ಮ ಜೀವ ಕಾಯತ್ತಮ್ಮಾ, ಅಲ್ಲಾಹ್ ನಿನಗೆ ಒಳ್ಳೇದು ಮಾಡಲಿ, ಆದ್ರೆ ಪ್ರವಚನದ ಮಧ್ಯ ಎರಡು ವಾರ ಜನ ಚಪ್ಪಲಿ ಬಿಟ್ಟು ಓಡಿದ್ರು, ಮೆಟ್ಟಿಲಲ್ಲಿ ಒಬ್ಬರ ಸೊಂಟ ಮುರೀತು, ಬಂದದ್ದು ಹೊಳೆಯಲ್ಲ, ಲಾರಿ, ಮೂರನೇ ಸಲ ಕೂಗಿದ್ರೆ ಯಾರೂ ಏಳಲ್ಲ ನೋಡು, ಕೂತೇ ಇರ್ತಾರೆ, ಅವತ್ತು ನಿಜವಾದ ಹೊಳೆ ಬಂದ್ರೆ? ಅವರು ಹೇಳಿದ್ದು ನ್ಯಾಯವಾಗಿತ್ತು. ಈಗಲೂ ನ್ಯಾಯವಾಗಿಯೇ ಇದೆ. ಹಾಗಾದರೆ ಒಂದು ಗಂಟೆ ಹೊಸ್ತಿಲು ಎತ್ತರಿಸು ಗೆಂದುಕ್, ಎಂದರು ಪಾಕ್ ಜುಮಾದಿ, ಆ ಒಂದು ಗಂಟೆ ಹೇಗೂ ಗುಂಡೀಲಿ ಯಾರೂ ಇರಲ್ಲ, ಮುಗಿದ ಮೇಲೆ ಇಳಿಸು. ಅಂಬಾಂಗ್ ಸಮ ಒಂಬೈನೂರು. ಆಮೇಲೆ ಅಂಬಾಂಗ್ ಸಮ ಅರವತ್ತು. ವಾರಕ್ಕೆರಡು ಸಾಲು, ಹತ್ತು ಶುಕ್ರವಾರ ಏನೂ ಆಗಲಿಲ್ಲ, ಹತ್ತು ಶುಕ್ರವಾರದ ಪ್ರಾರ್ಥನೆ ನಿಶ್ಶಬ್ದವಾಗಿ ಮುಗಿಯಿತು, ಪಾಕ್ ಕಿಯಾಯಿ ಹಬ್ಬದಲ್ಲಿ ನನಗೆಂದು ಬೇರೆಯಾಗಿ ಕೆತುಪತ್ ಕಳಿಸಿಕೊಟ್ಟರು, ತೆಂಗಿನ ಗರಿಯಲ್ಲಿ ಹೆಣೆದ ಅನ್ನದ ಪೊಟ್ಟಣ, ಆರು.

ಬೆರಳು ಕಲಿತುಬಿಡುತ್ತದೆ, ಅದೇ ಅದರ ಕೇಡು, ಪೂರ್ತಿ ಸಾಲು ಬರೆಯುವ ಕೆಲಸವೇ ಇಲ್ಲ ಈ ಕನ್ಸೋಲಿನಲ್ಲಿ, ಹೆಸರಿನ ಮೊದಲೆರಡು ಅಕ್ಷರ ಹೊಡೆದು ಮೇಲಿನ ಬಾಣ ಒತ್ತಿದರೆ ಆ ಅಕ್ಷರಗಳಿಂದ ಶುರುವಾದ ಹಳೆಯ ಸಾಲುಗಳನ್ನು ಮಾತ್ರ ಹುಡುಕಿ ತರುತ್ತದೆ, ಹೊಸದು ಮೊದಲು, ಹಳೆಯದು ಆಮೇಲೆ, ಪ್ರಾರ್ಥನೆ ಮುಗಿದ ಮೇಲೆ ಒಂದು ಸಲ ಒತ್ತಿದರೆ ಈಗಷ್ಟೇ ಬರೆದ ಒಂಬೈನೂರು, ಎರಡನೆಯ ಸಲ ಒತ್ತಿದರೆ ಹೋದ ವಾರದ ಅರವತ್ತು, ಎಂಟರ್. ಎರಡಕ್ಷರ, ಬಾಣ, ಬಾಣ, ಎಂಟರ್, ಜಪಮಣಿಯ ಹಾಗೆ, ಕಣ್ಣು ಬೇಕಿರಲಿಲ್ಲ. ಈ ಶುಕ್ರವಾರ ಹನ್ನೆರಡಕ್ಕೆ ಐದು ನಿಮಿಷವಿರುವಾಗ ಪಾಕ್ ಜುಮಾದಿ ಮಸೀದಿಯ ಅಂಗಳದಿಂದ ಫೋನು ಮಾಡಿದರು, ಸುಮ್ನಾಗಿಸಿದ್ಯಾ ಗೆಂದುಕ್, ಇವತ್ತು ಮೇಲಿನ ಹಳ್ಳಿಯ ದೊಡ್ಡ ಗುರುಗಳು ಬಂದಿದಾರೆ, ಮಾನ ಹೋಗತ್ತೆ — ಆಗಿದೆ ಪಾಕ್, ಎಂದೆ, ಆದರೂ ಎದೆಯೊಳಗೆ ಒಂದು ಅನುಮಾನ, ಇರಲಿ ಎಂದು ಕೇಳಿಯೇಬಿಟ್ಟೆ, ಅಂಬಾಂಗ್ ಎಂದು ಹೆಸರೊಂದನ್ನೇ ಬರೆದೆ, ಅದು ಒಂಬೈನೂರು ಎಂದು ಉತ್ತರ ಕೊಟ್ಟಿತು, ಹಸಿರಾಗಿ. ಎಚ್ಚರಿಕೆಯ ಆ ಒಂದು ಸಾಲು. ಹತ್ತು ವಾರ ಎಚ್ಚರಿಕೆ ಇಲ್ಲದೆ ಮಾಡಿದೆ, ಏನೂ ಆಗಲಿಲ್ಲ, ಹನ್ನೊಂದನೆಯ ವಾರ ಎಚ್ಚರಿಕೆ ಮಾಡಿದೆ, ಸಾಲುಗಳು ಒಂದು ಮೆಟ್ಟಿಲು ಕೆಳಗೆ ಸರಿದವು, ಈಗ ಎರಡು ಸಲಕ್ಕೆ ಸಿಗುವುದು ಒಂಬೈನೂರೇ, ಅರವತ್ತು ಸಿಗಬೇಕಾದರೆ ಮೂರು ಸಲ ಒತ್ತಬೇಕು, ಬೆರಳಿಗೆ ಅದು ಗೊತ್ತಿಲ್ಲ. ಒಂದು ಗಂಟೆಯ ಹೊತ್ತಿಗೆ ಕಿಟಕಿಯಲ್ಲಿ ಬು ತುಕಿನೆಮ್, ಬುಟ್ಟಿ ಖಾಲಿ, ಕೈಯಲ್ಲಿ ಗಂಡನಿಗೆ ಅನ್ನದ ಪೊಟ್ಟಣ, ಪ್ರಾರ್ಥನೆ ಮುಗಿಸಿ ಆಗಲೇ ಗುಂಡಿಗೆ ಇಳಿದುಬಿಟ್ಟ ನೋಡು ಮಾರಾಯ್ತಿ, ಅರ್ಧ ಲಾರಿ ಮರಳು ಬಾಕಿ ಇದೆಯಂತೆ, ಶುಕ್ರವಾರ ಮಧ್ಯಾಹ್ನ ಯಾರಾದ್ರೂ ಇಳೀತಾರಾ, ಹೊಸ ಸಲಿಕೆ ಹಿಡಿಗೆ ಸೈಕಲ್ ಟ್ಯೂಬು ಸುತ್ತಿಕೊಂಡಿದಾನೆ, ನನ್ನ ಕೈ ಒಂದು ದಿನ ಹಿಡ್ಕೊಳ್ಳಲಿಲ್ಲ ಅಷ್ಟು ಅಕ್ಕರೆಯಿಂದ, ಆ ಸಲಿಕೆನ ನೋಡಬೇಕು ನೀನು — ನಾನು ನಗುತ್ತಿದ್ದೆ, ಅವರ ಕಡೆ ತಿರುಗಿ ನಗುತ್ತಿದ್ದೆ, ಕೈ ಕೀಲಿಗಳ ಮೇಲಿತ್ತು, ಎರಡಕ್ಷರ, ಬಾಣ, ಬಾಣ, ಎಂಟರ್. ಕೆಂಪು ಬರಲಿಲ್ಲ. ಬರುವುದಿಲ್ಲ, ಒಂಬೈನೂರು ತಪ್ಪಲ್ಲ ಅದಕ್ಕೆ, ಹೆಸರಿಗೆ ಬೆಲೆ ಕೊಟ್ಟರೆ ಕನ್ಸೋಲ್ ಏನೂ ಹೇಳುವುದಿಲ್ಲ, ಮುಂದಿನ ಸಂಖ್ಯೆ ತೋರಿಸಿ ಕಾಯುತ್ತದೆ, ಮೌನವೆಂದರೆ ಆಯಿತೆಂದೇ ಅರ್ಥ ನಮಗೆ. ಮೇಲೆ ಅಜ್ಜನ ತಲೆ ಕಾಣ್ತಿಲ್ಲ ವಾರ್ಸಿನಿ, ಮೋಡ ಕುಂತಿದೆ, ಅನ್ನ ಕೊಟ್ಟು, ಮರಳು ತುಂಬಿಸಿ ಬರೋದು ಸಂಜೆ ಆಗತ್ತೆ, ಇಳೀಬಹುದಾ ನಾನು, ಎಂದು ಕೇಳಿದರು ಬು ತುಕಿನೆಮ್, ಈಗ ನಗದೆ, ಪೊಟ್ಟಣವನ್ನು ಎದೆಗೆ ಹಿಡಿದು. ನಾನೇನೆಂದೆ. ಕಿವಿ ತೆರೆದಿದೆ ಬು, ಹೋಗಿ ಬನ್ನಿ.

ಹೋಗಿ ಬನ್ನಿ ಎಂದೆ. ಮೂರು ಗಂಟೆ ಎಂಟು ನಿಮಿಷಕ್ಕೆ ಮುನ್ನೂರ ನಲವತ್ತು. ಅದು ಇಲ್ಲೇ ಇದೆ, ನಾನೂರ ಎರಡನೆಯ ಸಾಲಿನ ಕೆಳಗೆ, ಸಂಜೆ ನಾನೇ ಬರೆಸಿದ ಚಿತ್ರ, ಉದ್ದಕ್ಕೂ ಮಲಗಿದ ಗೆರೆ, ಆಮೇಲೆ ಎದ್ದು ನಿಂತ ಗೆರೆ, ಲಾರಿಯ ಗೆರೆ ಹಾಗಿರುವುದಿಲ್ಲ, ಲಾರಿ ಹತ್ತಿರ ಬಂದು ದೂರ ಹೋಗುತ್ತದೆ, ಇದು ಬಂದು ನಿಂತೇಬಿಟ್ಟಿತು, ನೋಡಿದ್ದರೆ ಒಂದೇ ಕಣ್ಣಿಗೆ ತಿಳಿಯುತ್ತಿತ್ತು, ಆ ಹೊತ್ತಿಗೆ ನಾನು ಹಿಂದಿನ ಕೋಣೆಯಲ್ಲಿ ಮೂರನೆಯ ಹೊತ್ತಿನ ನಮಾಜಿಗೆ ಚಾಪೆ ಹಾಸುತ್ತಿದ್ದೆ, ಕೂಗಿದರೆ ಕೇಳುತ್ತದೆ ಎಂಬ ಧೈರ್ಯ, ನೆಲಕ್ಕೆ ಹಣೆ ಇಟ್ಟಾಗ ನೆಲ ಅದುರುತ್ತಿತ್ತು, ಒಡೆಯನೇ, ನಾನು ಅದನ್ನು ನನ್ನ ಭಕ್ತಿ ಎಂದುಕೊಂಡೆ. ಹನ್ನೆರಡು ನಿಮಿಷ. ಗುಂಡಿಯಿಂದ ದಂಡೆಗೆ ಏಣಿ ಹತ್ತಲು ಮೂರು ನಿಮಿಷ ಸಾಕು, ಕೈಲಿದ್ದದ್ದು ಚೆಲ್ಲಿ ಓಡಿದರೆ ಎರಡು. ಸಗಿಮಾನ್ ಅವರ ದೇಹ ಕೆಳಗಿನ ಸೇತುವೆಯ ಅಡಿಯಲ್ಲಿ ಸಿಕ್ಕಿತು. ಬು ತುಕಿನೆಮ್ ಸಿಗಲಿಲ್ಲ. ಶನಿವಾರ ಬೆಳಿಗ್ಗೆ ಎಲ್ಲರೊಂದಿಗೆ ನಾನೂ ಇಳಿದೆ, ಕೆಸರು ಇನ್ನೂ ಬೆಚ್ಚಗಿತ್ತು, ಗುಂಡಿಯೇ ಇಲ್ಲ, ಏಣಿ ಇಲ್ಲ, ಒರೆಸಿಟ್ಟ ಹಲಗೆಯಂತೆ ಬೂದು ಬಯಲು, ನಡುವೆ ಸಲಿಕೆಯ ಹಿಡಿ, ಗೇಣುದ್ದ, ಕಪ್ಪು ಟ್ಯೂಬು ಸುತ್ತಿದ್ದು, ನೆಟ್ಟಗೆ, ಯಾರೋ ಈಗಷ್ಟೇ ನೆಟ್ಟು ಚಹಾ ಕುಡಿಯಲು ಹೋದ ಹಾಗೆ, ಜನ ಸುತ್ತ ನಿಂತರು, ಯಾರೂ ಕೀಳಲಿಲ್ಲ, ಕಿತ್ತರೆ ಅಲ್ಲಿಯೇ ಅಗೆಯಬೇಕು, ಅಗೆದರೆ ಸಿಗಬಹುದು, ಯಾರ ಕೈಯೂ ಮುಂದೆ ಹೋಗಲಿಲ್ಲ, ನನ್ನದೂ. ಆಗ ಯಾರೋ ಕೂಗಿದರು, ಆ ಪೊನಿಜಾನ್ ಎಲ್ಲಿ, ಮೇಲಿನ ಸೇತುವೆ ಕಾಯೋನು, ವಾಕಿಟಾಕಿ ಕೈಲಿಟ್ಕೊಂಡು ಗೊರಕೆ ಹೊಡೀತಿದ್ನಾ, ಕಲ್ಲು ಮೊದಲು ಬೀಸಿದವರು ಯಾರೋ ಗೊತ್ತಿಲ್ಲ. ಲೀಕ್ ಪೊನಿಜಾನ್ ನನ್ನ ಅಪ್ಪನ ಜೊತೆ ಬೆಳೆದವರು, ಲೀಕ್ ಎಂದರೆ ಚಿಕ್ಕಪ್ಪ, ಈಗ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಎಂಟು ಗಂಟೆಯಿಂದ, ವಿಚಾರಣೆಗೆ ಯಾರೂ ಕರೆಯದೆ ತಾವೇ ಬಂದು, ಅವರ ಹೆಂಡತಿಯನ್ನು ಸಂತೆಯಲ್ಲಿ ಯಾರೂ ಮಾತಾಡಿಸುವುದಿಲ್ಲವಂತೆ, ಮನೆಯ ಬಾಗಿಲಿಗೆ ಕೆಸರು ಮೆತ್ತಿದ್ದಾರೆ. ನಿನ್ನೆ ಕೇಳಿದೆ, ಲೀಕ್, ನೀವು ಮಲಗಿದ್ರಾ? ಮೋಡ ಸೇತುವೆ ಮೇಲೇ ಕೂತಿತ್ತು ಮಗಾ, ನನ್ನ ಕೈ ನನಗೆ ಕಾಣ್ತಿರಲಿಲ್ಲ, ಸದ್ದು ಬಂತು, ಲಾರಿ ಅಂದ್ಕೊಂಡೆ, ಸೈರನ್ ಕೂಗಿಲ್ಲವಲ್ಲ ಅಂತ ಸುಮ್ನಾದೆ, ವಾಕಿಟಾಕಿ ಒತ್ತೋ ಹೊತ್ತಿಗೆ ಅದು ಕಾಲ ಕೆಳಗೆ ಹೋಗ್ತಿತ್ತು — ಆಮೇಲೆ ತಲೆಯ ಬಟ್ಟೆ ಮುಟ್ಟಿಕೊಂಡು, ಇಲ್ಲ, ನಿದ್ದೆ ಬಂದಿರಬೇಕು, ಅಷ್ಟು ಜನ ಹೇಳ್ತಾರಲ್ಲ, ವಯಸ್ಸಾಯ್ತು, ಕಣ್ಣು ಮುಚ್ಚಿರಬೇಕು, ಮುಚ್ಚಿದ್ದು ನೆನಪಿರತ್ತಾ ಯಾರಿಗಾದ್ರೂ. ಸೈರನ್ ಕೂಗಿಲ್ಲವಲ್ಲ ಅಂತ. ನನ್ನ ಮೌನವನ್ನು ಕೇಳಿ ಅವರು ಸುಮ್ಮನಾದರು. ಇದರ ಮೌನವನ್ನು ಕೇಳಿ ನಾನು.

ಮೂಲೆಯಲ್ಲಿ ಒಂದು ಒತ್ತು. ಬಾಣದ ಗುರುತು ಅಲ್ಲಿಯ ತನಕ ಹೋಗಿ ನಿಂತಿದೆ, ಮೌಸನ್ನು ಅಲ್ಲಿಗೆ ಒಯ್ದದ್ದು ನಾನೇ, ಯಾವಾಗಲೋ, ಒತ್ತಿದರೆ ನನಗೇನೂ ಆಗುವುದಿಲ್ಲ, ಅಜ್ಜಿ, ನೀನು ಹೇಳಿದ್ದು ಅದೇ ತಾನೇ, ಅಮ್ಮನಿಗೆ ಔಷಧ ಈ ಕೆಲಸದಿಂದಲೇ, ಪಾಕ್ ಜುಮಾದಿ ಮುಂದಿನ ವರ್ಷ ನಿವೃತ್ತರು, ಹೊಸ್ತಿಲು ಎತ್ತರಿಸು ಎಂದದ್ದು ಅವರು, ಅವರ ಹೆಸರೂ ಬರುತ್ತದೆ, ಪಾಕ್ ಕಿಯಾಯಿಯವರದೂ, ಇಡೀ ಮಸೀದಿಯದೂ, ಒಬ್ಬ ಮುದುಕ ಆಗಲೇ ಹೊತ್ತುಕೊಂಡಿದ್ದಾನಲ್ಲ, ಹೊತ್ತವನಿಗೆ ರೂಢಿಯಾಗುತ್ತದೆ — ಛೀ, ಯಾರ ದನಿ ಇದು, ನನ್ನದೇ. ಜೀಪು ಬಂತು. ಚಪ್ಪಲಿ ಬಿಡುವ ಸದ್ದು. ಕನ್ನಡಕದ ಹೆಂಗಸು, ಪುಸ್ತಕ ಹಿಡಿದುಕೊಂಡು, ಹಿಂದೆ ಒಬ್ಬ ಚಿತ್ರ ತೆಗೆಯುವವನು, ಬನ್ನಿ ಬು, ಮೊದಲು ಚಹಾ ಆಗಲಿ, ಬಿಸಿ ಗೆಣಸಿದೆ, ಎನ್ನುತ್ತಿದ್ದಾರೆ ಪಾಕ್ ಜುಮಾದಿ, ಆಮೇಲೆ ಹರಿದ ತಂತಿ ತೋರಿಸ್ತೀನಿ, ಕಂಬ ಬುಡಸಮೇತ ಹೋಗಿದೆ ನೋಡಿ — ಚಹಾ ಆಮೇಲೆ ಪಾಕ್, ಈ ಕಪ್ಪು ಪರದೆ ಏನು, ಎಂದರು ಆಕೆ, ಅದು ಸುಮ್ನೆ ಲೆಕ್ಕ ಮಾಡೋಕೆ ಬು, ಅದರಲ್ಲೇನಿಲ್ಲ, ಎಂದು ಪಾಕ್ ಜುಮಾದಿ ನನ್ನತ್ತ ನೋಡಿದರು, ಮೂರು ದಿನದಲ್ಲಿ ಮೊದಲ ಸಲ ನನ್ನ ಕಣ್ಣಿಗೆ ಕಣ್ಣು, ಅವರ ಕಣ್ಣಲ್ಲಿ ನೀರಿತ್ತು. ಬಾಗಿಲಲ್ಲಿ ಲೀಕ್ ಪೊನಿಜಾನ್ ಎದ್ದು ನಿಂತಿದ್ದಾರೆ, ಟೋಪಿ ಕೈಯಲ್ಲಿ. ನಾನು ಕುರ್ಚಿ ಸರಿಸಿದೆ, ನಾನೇ ಸರಿಸಿದೆನೇ, ಕುರ್ಚಿ ಸರಿಯಿತು, ನಾನೂರನೆಯ ಸಾಲು ನೋಡಿ ಬು, ಎಂಬ ದನಿ ಕೇಳಿಸಿತು, ಆಕೆ ಬಗ್ಗಿ ಓದಿದರು, ಮೇಲೆ ಕೆಳಗೆ ಓದಿದರು, ಇದರಲ್ಲಿ ತಪ್ಪು ಅಂತ ಎಲ್ಲೂ ಕೆಂಪು ಬಂದಿಲ್ಲವಲ್ಲಮ್ಮಾ — ಬರಲ್ಲ ಬು, ಅದಕ್ಕದು ತಪ್ಪಲ್ಲ, ಅರವತ್ತು ಇರಬೇಕಿತ್ತು, ಹೊಳೆ ಬಂದದ್ದು ಮುನ್ನೂರ ನಲವತ್ತರಲ್ಲಿ, ಕೆಳಗೆ ಚಿತ್ರ ಇದೆ, ನೋಡಿ — ಯಾರು ಬರೆದದ್ದು ಇದನ್ನು? ನಾನು. ಅಂದುಬಿಟ್ಟೆ, ಎದೆ ಹಗುರಾಗಬೇಕಿತ್ತು, ಆಗುತ್ತದೆ ಎಂದು ಮೂರು ದಿನ ಆಸೆಪಟ್ಟಿದ್ದೆ, ಆದರೆ ಬಾಗಿಲಿನಿಂದ ಲೀಕ್ ಪೊನಿಜಾನ್, ಇಲ್ಲ ಬು, ಅವಳ ಮಾತು ಬರ್ಕೋಬೇಡಿ, ನನ್ನ ಗೆಳೆಯನ ಮಗಳು ಅದು, ನನ್ನನ್ನ ಉಳಿಸೋಕೆ ಹೇಳ್ತಿದೆ, ಮಲಗಿದ್ದು ನಾನೇ, ಈಗ ಎಲ್ಲ ನೆನಪಿದೆ ನನಗೆ, ಗೋಡೆಗೆ ಒರಗಿದ್ದೆ, ಕನಸೂ ಬಿದ್ದಿತ್ತು, ಎಂದು ಅಳುತ್ತಿದ್ದಾರೆ, ಅವರಿಗೆ ನಿಜವಾಗಿ ನೆನಪಿದೆ, ನೆನಪು ಮಾಡಿಕೊಟ್ಟವಳು ನಾನು, ಮೂರು ದಿನದ ಮೌನದಿಂದ, ಅದನ್ನು ಅಳಿಸಲು ನನ್ನ ಒಂದು ಸಾಲು ಸಾಲದು, ಆಕೆ ಲೇಖನಿ ಎತ್ತಿ ಅವರನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಬರೆಯುತ್ತಿಲ್ಲ, ನಾನೂರ ಮೂರರ ಮುಂದೆ ಕರ್ಸರ್ ಕಾಯುತ್ತಿದೆ, ಏನು ಬರೆಯಲಿ, ಕೆಸರು ಈಗ ಗಟ್ಟಿಯಾಗಿರಬೇಕು, ಮೂರು ದಿನದ ಬಿಸಿಲಿಗೆ, ಮೇಲೆ ನಡೆದರೂ ಕಾಲು ಹೂಳುವುದಿಲ್ಲ, ಹೋಗಬಹುದು, ಹೋಗಿ ಎರಡು ಕೈಯಲ್ಲಿ ಹಿಡಿಯಬಹುದು, ಸಲಿಕೆಯ ಹಿಡಿ, ಗೇಣುದ್ದ, ಕಪ್ಪು ಟ್ಯೂಬು, ನೆಟ್ಟಗೆ, ಸುತ್ತ ಜನ, ಯಾರೂ ಕೀಳುತ್ತಿಲ್ಲ, ಸಲಿಕೆಯ ಹಿಡಿ, ಯಾರೂ ಕೀಳುತ್ತಿಲ್ಲ, ಸಲಿಕೆಯ ಹಿಡಿ —